ಮೂರು ಬೆರಳಿನ ಗುಳಿ

ಕಿವಿಯ ಮೇಲಿನ ಹೆಡ್‌ಫೋನಿನ ಸ್ಪಂಜು ಮತ್ತೆ ಜಾರಿತು, ಎಡಗಡೆಯದು, ಹಿಂದಿನ ಪಾಳಿಯವರ ಬೆವರು ಕುಡಿದು ಕುಡಿದು ಹಳೇ ಬಿಸ್ಕತ್ತಿನ ಹಾಗೆ ಗಟ್ಟಿಯಾಗಿದೆ, ಹೊಸದು ಬೇಕೆಂದು ಬರೆದುಕೊಟ್ಟು ಮೂರು ತಿಂಗಳಾಯಿತು, ಆ ಬಿಸ್ಕತ್ತಿನ ಮೂಲಕವೇ ಈಗ ಒಬ್ಬ ಹೆಂಗಸು ಕೇಳುತ್ತಿದ್ದಾಳೆ, ವಿಟಮಿನ್ ಮಾತ್ರೆ ಶುರು ಮಾಡಿದಾಗಿಂದ ಮೂತ್ರ ಹಳದಿಯಾಗಿ ಹೋಗ್ತಿದೆ ಮೇಡಂ, ಕಾಮಾಲೆನಾ — ಒಂಬತ್ತನೇ ಕಾರ್ಡು, ಈ ಕಡೆ ಉತ್ತರ ಹೇಳುವ ಅವಳು ಅದನ್ನು ಕಣ್ಣು ಮುಚ್ಚಿಕೊಂಡು ಓದಬಲ್ಲಳು, ಅದು ಬಿ ಗುಂಪಿನ ವಿಟಮಿನ್ನಿನ ಬಣ್ಣ, ದೇಹಕ್ಕೆ ಬೇಡವಾದದ್ದು ಹೊರಗೆ ಹೋಗುತ್ತದೆ, ಕಣ್ಣೂ ಹಳದಿಯಾಗಿದ್ದರೆ ವೈದ್ಯರನ್ನು ನೋಡಿ — ಅಯ್ಯೋ, ಹಾಗಾದ್ರೆ ಮಾತ್ರೆ ಹಾಗೇ ಹೊರಗೆ ಹೋಗ್ಬಿಡುತ್ತಾ, ಮತ್ತೆ ನುಂಗೋದು ಯಾಕೆ, ಎಂದಳು ಆ ಹೆಂಗಸು, ಅದಕ್ಕೆ ಕಾರ್ಡಿಲ್ಲ. ಅರವತ್ತನಾಲ್ಕು ಕಾರ್ಡು, ತಗಡಿನ ಉದ್ದ ಡಬ್ಬಿಯಲ್ಲಿ, ಜನರ ಹೊಟ್ಟೆಯ ಅಷ್ಟೂ ಅನುಮಾನ ಅರವತ್ತನಾಲ್ಕಕ್ಕೆ ಮುಗಿಯಬೇಕು ಎಂದು ಒಣ ಆಹಾರದ ಕಂಪನಿಯವರು ಲೆಕ್ಕ ಹಾಕಿದ್ದಾರೆ, ಆದರೆ ಜನ ಅರವತ್ತೈದನೆಯದನ್ನೇ ಕೇಳುತ್ತಾರೆ, ಬೇಕೆಂದೇ ಕೇಳುತ್ತಾರೇನೋ. ಸಕ್ಕರೆ ಸೇರಿಸಿಲ್ಲ ಅಂತ ಬರೆದಿದ್ದೀರಿ, ಸಿಹಿ ಎಲ್ಲಿಂದ ಬಂತು, ಆಕಾಶದಿಂದ ಉದುರಿತಾ. ಪ್ರೋಟೀನ್ ಪುಡಿ ತಿಂದರೆ ಮಗನಿಗೆ ಬೇಗ ಮೀಸೆ ಬರುತ್ತಾ. ಕಬ್ಬಿಣದ ಮಾತ್ರೆ ಟೀ ಜೊತೆ ನುಂಗಬಹುದಾ — ಬೇಡ, ಟೀ ಕಬ್ಬಿಣವನ್ನು ತಡೆಯುತ್ತದೆ — ಹಾಗಾದ್ರೆ ಕಾಫಿ ಜೊತೆ? ನೀರು ಎನ್ನುವುದೊಂದಿದೆ ಸ್ವಾಮಿ, ನಲ್ಲಿಯಲ್ಲಿ ಬರುತ್ತದೆ, ಎಂದು ಬಾಯಿತುದಿಗೆ ಬಂದದ್ದನ್ನು ನುಂಗಿಕೊಂಡಳು, ನುಂಗುವುದು ಅವಳಿಗೆ ಅಭ್ಯಾಸವಾಗಿದೆ, ಅದನ್ನು ಯಾವುದರ ಜೊತೆ ನುಂಗಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಹಿಂದಿನಿಂದ ಮೇಲ್ವಿಚಾರಕಿಯ ಚಪ್ಪಲಿ ಸದ್ದು, ಎಂಟು ಕುರ್ಚಿಗಳ ಈ ಸಹಾಯವಾಣಿ ಕೋಣೆಯಲ್ಲಿ ಎಲ್ಲರೂ ಆಕೆಯನ್ನು ಗಡಿಯಾರ ಎಂದೇ ಕರೆಯುವುದು, ಒಂದು ಕರೆಗೆ ನಾಲ್ಕು ನಿಮಿಷ, ಕಾರ್ಡಿನಲ್ಲಿರುವುದನ್ನಷ್ಟೇ ಓದಿ, ನಿಮ್ಮ ಜಾಣತನ ಮನೇಲಿಟ್ಟು ಬನ್ನಿ, ಎನ್ನುತ್ತಾಳೆ. ಮನೆಯಲ್ಲಿಡಲು ಜಾಗ ಎಲ್ಲಿದೆ, ಅಲ್ಲಿ ಅತ್ತೆ ಇದ್ದಾರೆ.

ಅತ್ತೆ ಇವತ್ತು ಬೆಳಿಗ್ಗೆಯೂ ಚಮಚ ಮುಟ್ಟಲಿಲ್ಲ. ಉಪ್ಪಿನ ಜಾಡಿಯ ಪಕ್ಕದಲ್ಲೇ ಮರದ ಪುಟ್ಟ ಚಮಚ ಇಟ್ಟಿದ್ದಾಳೆ, ಜಾಡಿಗೆ ದಾರ ಕಟ್ಟಿ ಇಟ್ಟಿದ್ದಾಳೆ, ಬ್ಯಾಂಕಿನ ಪೆನ್ನಿನ ಹಾಗೆ, ಆದರೂ ಅತ್ತೆ ತೊಳೆದ ಒದ್ದೆ ಕೈಯನ್ನೇ ಜಾಡಿಗೆ ಇಳಿಸಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಕೂಡಿಸಿ ಎತ್ತುತ್ತಾರೆ, ಎತ್ತಿದ ಕಡೆ ಮೂರು ಬೆರಳಿನ ಗುಳಿ ಹಾಗೇ ನಿಲ್ಲುತ್ತದೆ, ಹಸಿ ಸಿಮೆಂಟಿನಲ್ಲಿ ಹಕ್ಕಿ ಕಾಲಿಟ್ಟ ಹಾಗೆ. ದಿನಾ ಸಂಜೆ ಅವಳು ಚಮಚದ ಹಿಂಬದಿಯಿಂದ ಅದನ್ನು ಸಮ ಮಾಡುತ್ತಾಳೆ, ಬೆಳಿಗ್ಗೆ ಮತ್ತೆ ಗುಳಿ. ಅತ್ತೆ, ಕೈ ಅಳತೆಗೆ ಲೆಕ್ಕ ಸಿಗಲ್ಲ, ದಿನಕ್ಕೆ ಒಂದು ಚಮಚ ಅಷ್ಟೇ ಅಂತ ಡಾಕ್ಟ್ರು ಹೇಳಿದ್ದು. ನಲವತ್ತು ವರ್ಷ ಈ ಕೈಯೇ ನಿನ್ನ ಗಂಡನ್ನ ಸಾಕಿದ್ದು ಕಣೇ, ಅವನೇನು ಉಪ್ಪಿನಕಾಯಿ ಆದ್ನಾ. ಹೀಗೆ ಶುರುವಾದದ್ದು ಇವತ್ತು ಕಾಲಿಗೆ ಹೋಯಿತು, ಕಾಲು ಎತ್ತೋಕಾಗ್ತಿಲ್ಲ, ಮರಳಿನ ಚೀಲ ಕಟ್ಟಿದ ಹಾಗಿದೆ ಎಂದರು, ಹತ್ತು ದಿನದಿಂದ ಇದೇ ರಾಗ, ಬಾಳೆಹಣ್ಣು ತಿನ್ನಿ ಎಂದಳು ಅವಳು, ನಿನ್ನೆ ಎರಡು ತಿಂದೆ, ಇವತ್ತೂ ಎರಡು ತಿನ್ನಿ, ಸ್ನಾಯುವಿಗೆ ಒಳ್ಳೇದು, ಕಿತ್ತಳೆ ರಸಾನೂ ಹಿಂಡಿಟ್ಟಿದ್ದೀನಿ. ಆಯ್ತು ಡಾಕ್ಟ್ರಮ್ಮ, ಎಂದರು ಅತ್ತೆ, ಆ ಹೆಸರು ಗಂಡ ಇಟ್ಟದ್ದು, ಲಿಫ್ಟ್ ರಿಪೇರಿಗೆ ಹೊರಟವನು ಸ್ಪ್ಯಾನರು ಹುಡುಕುತ್ತಾ ನಕ್ಕ, ಸಂಜೆ ಶಾಲೆ ಡಾಕ್ಟ್ರಮ್ಮ. ನಗಲಿ. ಒಂದೂವರೆ ವರ್ಷ, ವಾರಕ್ಕೆ ನಾಲ್ಕು ಸಂಜೆ, ಕೆಲಸ ಮುಗಿಸಿ ಹಸಿದ ಹೊಟ್ಟೆಯಲ್ಲಿ ಪೋಷಕಾಂಶಗಳ ಪಾಠ ಕೇಳಿದವಳು ಅವಳು, ಪ್ರಮಾಣಪತ್ರದಲ್ಲಿ ಎರಡನೇ ದರ್ಜೆ, ಮೊದಲನೆಯದು ನಾಲ್ಕು ಅಂಕಕ್ಕೆ ತಪ್ಪಿತು, ಆ ನಾಲ್ಕು ಅಂಕದ ಪ್ರಶ್ನೆ ಯಾವುದಿತ್ತು ಎಂದು ಇವತ್ತಿಗೂ ಬಸ್ಸಿನಲ್ಲಿ ಕೂತಾಗ ಯೋಚಿಸುತ್ತಾಳೆ. ಹೊರಡುವಾಗ ಅತ್ತೆ ಬೆನ್ನಿಗೆ ಹೇಳಿದರು, ಈ ಉಪ್ಪಿಗೆ ಏನೋ ಬಂದಿದೆ ಕಣೇ, ಉಪ್ಪೋ ಸುಣ್ಣವೋ, ಕೊನೇಲಿ ನಾಲಿಗೆ ಕಹಿ. ಎರಡು ತಿಂಗಳಿಂದ ಕಹಿ. ಉಪ್ಪು ಕಹಿಯಲ್ಲ ಅತ್ತೆ, ನಿಮ್ಮ ನಾಲಿಗೆ ಕೆಟ್ಟಿದೆ, ವಯಸ್ಸಾದ ಮೇಲೆ ರುಚಿ ಹೋಗುತ್ತೆ, ಎಂದು ಬಾಗಿಲು ಎಳೆದುಕೊಂಡಳು, ಸ್ವಲ್ಪ ಜೋರಾಗಿಯೇ, ಆ ಜೋರು ಬಸ್‌ಸ್ಟಾಪಿನವರೆಗೂ ಕಿವಿಯಲ್ಲಿತ್ತು.

ಉಪ್ಪು ಕಹಿಯೇ. ಅದು ಅವಳಿಗೆ ಗೊತ್ತು, ಅವಳೊಬ್ಬಳಿಗೇ ಗೊತ್ತು. ಎರಡು ತಿಂಗಳ ಹಿಂದೆ ಕಂಪನಿ ಹೊಸ ಉಪ್ಪು ಬಿಟ್ಟಾಗ ಸಿಬ್ಬಂದಿಗೆಲ್ಲ ತಲಾ ಎರಡು ಪ್ಯಾಕೆಟ್ ಕೊಟ್ಟರು, ಸೋಡಿಯಂ ಅರ್ಧ, ಉಳಿದರ್ಧ ಪೊಟ್ಯಾಸಿಯಂ, ರಕ್ತದೊತ್ತಡಕ್ಕೆ ಹಿತ ಎಂದು ಮುಂಬದಿಯಲ್ಲಿ ಹಸಿರು ಅಕ್ಷರ, ಅವಳು ಬೆಂಕಿಪೊಟ್ಟಣದ ಮೇಲಿನ ಬರಹವನ್ನೂ ಬಿಡದೆ ಓದುವವಳು, ಹಿಂಬದಿಯ ಸಣ್ಣ ಅಕ್ಷರಗಳನ್ನು ಬಸ್ಸಿನಲ್ಲೇ ಎರಡು ಸಲ ಓದಿದಳು, ಮನೆಗೆ ಬಂದು ಅತ್ತೆಯ ಮಾತ್ರೆಯ ಹಾಳೆ ತೆಗೆದು ನೋಡಿದಳು, ಸಂಜೆ ತರಗತಿಯ ನೋಟ್‌ಪುಸ್ತಕ ತೆಗೆದು ನೋಡಿದಳು, ಕೊನೆಗೆ ಹಿಂದಿನ ಪುಟದಲ್ಲಿ ಬರೆದಿಟ್ಟಳು, ಬದಲಿ ಉಪ್ಪು, ಅತ್ತೆಗೆ ಸರಿ, ಕೆಳಗೆ ಎರಡು ಗೆರೆ. ಮರುದಿನ ಅತ್ತೆಯ ಮುಂದೆ ಪ್ಯಾಕೆಟ್ ಇಟ್ಟರೆ, ಮದ್ದಿನುಪ್ಪು ನನ್ನ ಅಡುಗೆಮನೆಗೆ ಬೇಡ ಎಂದು ಕಾಲಿನಿಂದಲೇ ಸರಿಸಿದರು, ನಾನು ಸತ್ತ ಮೇಲೆ ಹಾಕ್ಕೊಂಡು ತಿನ್ನಿ. ಏನು ಮಾಡಬೇಕಿತ್ತು ಅವಳು, ಒತ್ತಡ ಏರುತ್ತಿದೆ, ಗಂಡ ಲಿಫ್ಟಿನ ಗುಂಡಿಯಲ್ಲಿ ಇರುತ್ತಾನೆ, ಹೇಳಿ ಹೇಳಿ ಗಂಟಲು ಒಣಗಿತು, ಅತ್ತೆ ಸ್ನಾನಕ್ಕೆ ಹೋದಾಗ ಜಾಡಿಯ ಹಳೇ ಉಪ್ಪನ್ನು ಬೇಸಿನ್ನಿಗೆ ಸುರಿದು, ಹೊಸದನ್ನು ತುಂಬಿ, ಪ್ಯಾಕೆಟ್ಟನ್ನು ನಾಲ್ಕು ಮಡಿಕೆ ಮಡಿಸಿ ಕೈಚೀಲದಲ್ಲಿಟ್ಟುಕೊಂಡು ಆಫೀಸಿನ ಕಸದ ಬುಟ್ಟಿಗೆ ಹಾಕಿದಳು. ಲೇಬಲ್ ಓದದೆ ಏನನ್ನೂ ತಿನ್ನಬೇಡಿ, ಲೇಬಲ್ ಹರಿದು ಎಸೆಯಬೇಡಿ, ಇದು ಎರಡನೇ ಕಾರ್ಡು. ಹೇಳೋದು ವೇದಾಂತ ತಿನ್ನೋದು ಬದನೆಕಾಯಿ. ಆದರೆ ಒತ್ತಡ ಇಳಿಯಿತಲ್ಲ, ಇಳಿಯಿತು, ಒಳ್ಳೇದಕ್ಕೇ ಮಾಡಿದ್ದು, ಒಳ್ಳೇದಕ್ಕೆ — ಟಿಂಗ್ ಎಂದಿತು ಕಿವಿಯಲ್ಲಿ, ಪರದೆಯ ಮೇಲೆ ಗೊತ್ತಿರುವ ನಂಬರು, ಅಯ್ಯೋ ದೇವರೇ, ಪಟ್ಟಿ ಅಜ್ಜ.

ಪಟ್ಟಿ ಅಜ್ಜ ದಿನ ಬಿಟ್ಟು ದಿನ ಕರೆಯುತ್ತಾರೆ, ಹನ್ನೊಂದಕ್ಕೆ, ಪ್ರಶ್ನೆಗಳ ಪಟ್ಟಿಗೆ ಅಂಕೆ ಹಾಕಿಕೊಂಡು, ಯಾವುದೋ ಅಚ್ಚುಕೂಟದಲ್ಲಿ ಮೂವತ್ತು ವರ್ಷ ತಪ್ಪು ಹುಡುಕುವ ಕೆಲಸ ಮಾಡಿದವರಂತೆ, ಕೆಲಸ ಹೋಯಿತು, ಚಾಳಿ ಹೋಗಲಿಲ್ಲ, ಉಳಿದ ಏಳು ಕುರ್ಚಿಯವರೂ ಅವರ ನಂಬರು ಕಂಡರೆ ಕೆಮ್ಮು ಬಂದವರ ಹಾಗೆ ಎದ್ದು ಹೋಗುತ್ತಾರೆ, ಅವಳ ಕೈಗೇ ಸಿಗುತ್ತಾರೆ, ಹಣೆಬರಹ. ಒಂದನೇ ಪ್ರಶ್ನೆ ತಾಯಿ, ಮೊಟ್ಟೆಯ ಹಳದಿ ಎಸೆಯಬೇಕೋ ತಿನ್ನಬೇಕೋ, ಹೋದ ವರ್ಷ ಎಸೀರಿ ಅಂದ್ರಿ, ಈ ವರ್ಷ ತಿನ್ನಿ ಅಂತೀರಿ, ಆ ಒಂದು ವರ್ಷದ ಹಳದಿಗೆ ಯಾರು ಹೊಣೆ. ಓದಿದಳು. ಎರಡನೇ ಪ್ರಶ್ನೆ, ಮೀನೆಣ್ಣೆ ಗುಳಿಗೆ ನುಂಗಿದ ಮೇಲೆ ಮೀನಿನ ತೇಗು ಬರ್ತದೆ, ನಮ್ಮ ಮನೆಯವಳು ದೂರ ಹೋಗಿ ಕೂರ್ತಾಳೆ, ಪರಿಹಾರ ಉಂಟಾ. ಊಟದ ಜೊತೆ ನುಂಗಿ ಎಂದು ಓದಿದಳು. ಅವಳು ಐವತ್ತು ವರ್ಷದಿಂದ ದೂರಾನೇ ಕೂರೋದು ಬಿಡಿ, ಎಂದು ಅಜ್ಜ ತಾವೇ ನಕ್ಕು ಕೆಮ್ಮಿದರು, ಗಡಿಯಾರ ಹಿಂದಿನಿಂದ ಎರಡು ಬೆರಳು ತೋರಿಸಿತು, ಎರಡು ನಿಮಿಷ ಉಳಿದಿದೆ. ಮೂರನೇ ಪ್ರಶ್ನೆ, ನಿಮ್ಮ ಹೊಸ ಉಪ್ಪು, ಮನೆಯವಳಿಗೆ ಒತ್ತಡ ಇದೆ, ಕೊಡಬಹುದೋ. ಹದಿನೇಳನೇ ಕಾರ್ಡು, ದಿನಕ್ಕೆ ಹತ್ತು ಸಲ ಓದುತ್ತಾಳೆ, ಮಗ್ಗಿಯ ಹಾಗೆ ಓದಿದಳು, ಮೂತ್ರಪಿಂಡದ ತೊಂದರೆ ಇರುವವರು ಹಾಗೂ ರಕ್ತದೊತ್ತಡಕ್ಕೆ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು, ಧನ್ಯವಾದ — ಒಂದು ನಿಮಿಷ ತಾಯಿ, ಕೆಲವು ಅಂದ್ರೆ ಯಾವುವು. ಕೆಲವು ಬಗೆಯವು ಸಾರ್, ವೈದ್ಯರು ಹೇಳ್ತಾರೆ. ಕೆಲವು ಅನ್ನೋದು ಮಾತಲ್ಲ ತಾಯಿ, ಮಾತನ್ನ ನುಂಗಿರೋದು, ಇಲ್ಲಿ ಯಾವುದೋ ಸಾಲು ಹೊಡೆದು ಹಾಕಿದ್ದಾರೆ, ನನ್ನ ಕಣ್ಣಿಗೆ ಬಿದ್ದಿದ್ರೆ ಬಿಡ್ತಿರಲಿಲ್ಲ, ಯಾರು ಹೊಡೆದದ್ದು.

ಹೊಡೆದದ್ದು ಅವಳು. ಅಜ್ಜ ನೋಡಿಯೇ ಕೇಳಿದ ಹಾಗೆ ಕೇಳಿದರು, ಅವಳು ಕೆಂಪು ಪೆನ್ನಿನಿಂದ ಹೊಡೆದ ಗೆರೆ ಕಣ್ಣ ಮುಂದೆ ಬಂತು, ಕಂಪನಿಯ ಡಾಕ್ಟರು ಬರೆದುಕೊಟ್ಟ ಕಾರ್ಡಿನಲ್ಲಿ ಮಾತ್ರೆಗಳ ಹೆಸರು ಒಂದಾದ ಮೇಲೊಂದು ಇದ್ದವು, ಒಂಬತ್ತೋ ಹತ್ತೋ, ಓದಲು ನಲವತ್ತು ಸೆಕೆಂಡು ಬೇಕು, ನಿಮಗೆ ಸಂಜೆ ಶಾಲೆ ಆಗಿದೆಯಲ್ಲ, ಇಪ್ಪತ್ತಕ್ಕೆ ಇಳಿಸಿ ಕೊಡಿ ಎಂದಿತು ಗಡಿಯಾರ, ಅವಳಿಗೆ ಹಿಗ್ಗು, ಯಾರೋ ಒಬ್ಬರು ಸಂಜೆ ಶಾಲೆಯನ್ನು ನಗದೆ ಹೇಳಿದರಲ್ಲ ಎಂದು, ಹೆಸರುಗಳನ್ನೆಲ್ಲ ಹೊಡೆದು ಕೆಲವು ಬಗೆಯ ಎಂದು ಬರೆದಳು, ಎಷ್ಟು ಅಚ್ಚುಕಟ್ಟು ಎಂದುಕೊಂಡಳು. ಯಾವುವು ಆ ಹೆಸರು, ಹಲೋ, ತಾಯಿ ಇದ್ದೀರಾ, ಇದ್ದೀನಿ ಸಾರ್, ಹೆಸರುಗಳು ಬರುತ್ತಿಲ್ಲ, ಸಂಜೆ ತರಗತಿಯ ಮೇಡಂ ಬೋರ್ಡಿನ ಮೇಲೆ ಸೀಮೆಸುಣ್ಣ ಕುಟ್ಟಿ ಹೇಳಿದ್ದರು, ಹೆಸರು ಮರೆತರೆ ಮರೀರಿ, ಬಾಲ ನೆನಪಿಡಿ, ಇವೆಲ್ಲ ಪೊಟ್ಯಾಸಿಯಮ್ಮನ್ನ ಒಳಗೇ ಹಿಡಿದಿಡೋವು, ಅದು ಹೆಚ್ಚಾದ್ರೆ ಕಾಲು ಸೋಲುತ್ತೆ, ಆಮೇಲೆ ಎದೆಬಡಿತ ತಪ್ಪುತ್ತೆ, ಬಾಲ ಒಂದೇ, ಸಾರ್ಟಾನ್, ಸಾರ್ಟಾನ್, ಸಾರ್ಟಾನ್. ಸಾರ್ಟಾನ್ ಅಂತ ಮುಗಿಯುವ ಮಾತ್ರೆ ಇದ್ದರೆ ಬೇಡ ಸಾರ್, ಇನ್ನೂ ಬೇರೆ ಇವೆ, ದಯವಿಟ್ಟು ಕೇಳಿಯೇ ಕೊಡಿ, ಎಂದು ಕಾರ್ಡಿನಲ್ಲಿ ಇಲ್ಲದ್ದನ್ನು ಹೇಳಿಬಿಟ್ಟಳು, ಹೇಳುತ್ತಾ ಹೇಳುತ್ತಾ ನಾಲಿಗೆ ತಡೆಯಿತು, ಆ ಬಾಲವನ್ನು ಅವಳು ಬೋರ್ಡಿನ ಮೇಲಲ್ಲ, ಇತ್ತೀಚೆಗೆ ಬೇರೆಲ್ಲೋ ನೋಡಿದ್ದಾಳೆ, ಬೆಳ್ಳಿ ಹಾಳೆಯ ಹಿಂದೆ, ನೀಲಿ ಅಕ್ಷರ, ಗುಲಾಬಿ ಬಣ್ಣದ ಸಣ್ಣ ಮಾತ್ರೆ, ದಿನಾ ಬೆಳಿಗ್ಗೆ ಅವಳೇ ಹಾಳೆಯಿಂದ ಒತ್ತಿ ಅತ್ತೆಯ ಅಂಗೈಗೆ ಹಾಕುತ್ತಾಳೆ. ಹೊಸ ಮಾತ್ರೆ. ಐದು ವಾರದ ಹಿಂದೆ ಬದಲಾಯಿಸಿದ್ದು. ಉಪ್ಪು ತುಂಬಿದ್ದು ಎಂಟು ವಾರದ ಹಿಂದೆ. ನೋಟ್‌ಪುಸ್ತಕದಲ್ಲಿ ಸರಿ ಎಂದು ಬರೆದದ್ದು ಹಳೇ ಮಾತ್ರೆಗೆ, ಎರಡು ಗೆರೆ ಎಳೆದ ಮೇಲೆ ಮತ್ತೆ ಆ ಪುಟ ಯಾಕೆ ತೆರೆಯಬೇಕು, ಗೆರೆ ಎಳೆದದ್ದೇ ಮತ್ತೆ ತೆರೆಯದಿರಲಿ ಎಂದಲ್ಲವೇ. ನಾಲ್ಕನೇ ಪ್ರಶ್ನೆ ತಾಯಿ, ಎಂದರು ಪಟ್ಟಿ ಅಜ್ಜ, ಬಾಳೆಹಣ್ಣಿನಲ್ಲಿ ಏನುಂಟು.

ಪೊಟ್ಯಾಸಿಯಂ. ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟಳು, ಅಜ್ಜನ ದನಿ ಸ್ಪಂಜಿನೊಳಗೆ ನೊಣದ ಹಾಗೆ ಗುಂಯ್‌ಗುಡುತ್ತಿತ್ತು, ದಿನಕ್ಕೆ ಎರಡು ಬಾಳೆಹಣ್ಣು, ಕಿತ್ತಳೆ ರಸ, ಕಾಲಿಗೆ ಶಕ್ತಿ ಬರಲಿ ಎಂದು, ಕಾಲು ಯಾತಕ್ಕೆ ಸೋಲುತ್ತಿದೆಯೋ ಅದನ್ನೇ ಹಿಂಡಿ ಹಿಂಡಿ ಕುಡಿಸಿದ್ದಾಳೆ. ಫೋನುಗಳೆಲ್ಲ ಬಾಗಿಲ ಬಳಿಯ ಗೂಡುಗಳಲ್ಲಿ, ಕೆಲಸದ ಹೊತ್ತಿಗೆ ಮುಟ್ಟುವ ಹಾಗಿಲ್ಲ, ಎಲ್ಲಿಗೆ, ಎಂದಿತು ಗಡಿಯಾರ, ಲೈನು ತೆರೆದಿದೆ ನಿಮ್ಮದು. ಮನೆಗೆ ಫೋನು. ಊಟದ ಹೊತ್ತಿಗೆ ಮಾಡಿ. ಊಟಕ್ಕೆ ಮುಂಚೆ ಮಾಡಬೇಕು ಮೇಡಂ, ಅಷ್ಟೇ ವಿಷಯ, ಎಂದು ಆರನೇ ಗೂಡಿಗೆ ಕೈಹಾಕಿದಳು, ಮೆಟ್ಟಿಲ ಬಳಿ ನಿಂತು ಒತ್ತಿದಳು, ಗಂಡನದು ಸಿಗದು, ಲಿಫ್ಟಿನ ಗುಂಡಿಯಲ್ಲಿ ಸಿಗ್ನಲ್ ಇಲ್ಲ, ಮನೆಯದು ಹೊಡೆದುಕೊಳ್ಳುತ್ತಿದೆ, ಹೊಡೆದುಕೊಳ್ಳುತ್ತಿದೆ, ಎತ್ತಿ ಅತ್ತೆ ಎತ್ತಿ, ಮತ್ತು ಅಲ್ಲಿಯವರೆಗೂ ಅವಳು ನೋಡದೆ ಪಕ್ಕಕ್ಕೆ ಸರಿಸುತ್ತಿದ್ದ ಆ ಕೋಣೆ ಈಗ ಎದುರಿಗೆ ಬಂದು ನಿಂತಿತು, ಐದು ವಾರದ ಹಿಂದಿನದು, ಡಾಕ್ಟರ ಕೋಣೆ, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಹೃದಯ, ಕಿಡ್ನಿ ಸ್ವಲ್ಪ ನಿಧಾನ ಇದೆ, ವಯಸ್ಸಿಗೆ ಇದ್ದದ್ದೇ, ಮಾತ್ರೆ ಬದಲಾಯಿಸ್ತೀನಿ, ಆಮೇಲೆ ಮತ್ತೆ ರಕ್ತ ನೋಡೋಣ, ಇವರು ಬೇರೆ ಏನಾದ್ರೂ ತಗೋತಾರಾ, ಪುಡಿ, ಟಾನಿಕ್ಕು, ಏನೇ ಇರಲಿ ಹೇಳಿ. ಡಾಕ್ಟರು ಪೆನ್ನೆತ್ತಿ ಕಾದರು. ಕಾದರು, ಅದು ಅವಳಿಗೆ ನೆನಪಿದೆ. ಪಕ್ಕದ ಕುರ್ಚಿಯಲ್ಲಿ ಅತ್ತೆ, ತೊಡೆಯ ಮೇಲೆ ಕೈಚೀಲ, ಮುಖ ಇವಳ ಕಡೆಗೆ. ಬಾಯಿ ತೆರೆದಳು. ಉಪ್ಪು ಎಂದರೆ ಜಾಡಿ ಎನ್ನಬೇಕು, ಜಾಡಿ ಎಂದರೆ ಕದ್ದು ಸುರಿದದ್ದು ಎನ್ನಬೇಕು, ಉಪ್ಪು ಪುಡಿಯಲ್ಲ ಟಾನಿಕ್ಕೂ ಅಲ್ಲ ಎಂದು ಒಳಗೆ ಯಾರೋ ವಕೀಲರು ಎದ್ದು ವಾದಿಸಿದರು. ಏನೂ ಇಲ್ಲ ಡಾಕ್ಟ್ರೇ, ಎಲ್ಲ ನಾನೇ ನೋಡ್ಕೋತೀನಿ.

ಹಲೋ ಯಾರು. ನಾನು ಅತ್ತೆ. ಯಾವ ನಾನು, ಓ ನೀನಾ, ಏನೇ ಇಷ್ಟೊತ್ತಿಗೆ. ಊಟ ಆಯ್ತಾ. ಹನ್ನೊಂದು ಗಂಟೆಗೆ ಯಾರೇ ಊಟ ಮಾಡ್ತಾರೆ, ತರಕಾರಿ ಬೇಯ್ತಿದೆ. ಉಪ್ಪು ಹಾಕಿದ್ರಾ. ಹಾಕ್ದೆ, ಇದಕ್ಕೇ ಫೋನ್ ಮಾಡಿದ್ಯಾ, ಕಚೇರಿಯಿಂದ ನನ್ನ ಉಪ್ಪು ಅಳೆಯೋಕೆ, ಇನ್ನೇನು ಆ ಚಮಚದ ದಾರಾನ ನನ್ನ ಕುತ್ತಿಗೆಗೆ ಕಟ್ಟು. ಅತ್ತೆ, ಒಲೆ ಆರಿಸಿ, ಅದನ್ನ ತಿನ್ನಬೇಡಿ, ಆ ಜಾಡೀಲಿರೋದು — ಮೆಟ್ಟಿಲ ಕೆಳಗಿಂದ ಯಾರೋ ರಟ್ಟಿನ ಪೆಟ್ಟಿಗೆ ಹೊತ್ತು ಹತ್ತುತ್ತಿದ್ದರು, ಅವಳು ಗೋಡೆಗೆ ಒತ್ತಿ ದಾರಿ ಬಿಟ್ಟಳು, ಇನ್ನು ನುಂಗಲಿಕ್ಕಿಲ್ಲ — ಆ ಜಾಡೀಲಿರೋದು ನಮ್ಮ ಉಪ್ಪಲ್ಲ ಅತ್ತೆ, ನೀವು ಬೇಡ ಅಂದ್ರಲ್ಲ, ಆ ಮದ್ದಿನುಪ್ಪು, ನಾನೇ ತುಂಬಿಟ್ಟೆ, ಎರಡು ತಿಂಗಳಾಯ್ತು. ಆ ಕಡೆ ಪಾತ್ರೆಯ ಕುದಿತ ಕೇಳಿಸುತ್ತಿತ್ತು. ಬೈಯಲಿ, ಕೂಗಲಿ, ಫೋನು ಕುಕ್ಕಲಿ. ಒಲೆ ಆರಿಸಿದ ಟಕ್ ಸದ್ದು ಬಂತು, ಅತ್ತೆ ಹೇಳಿದರು, ಅಂದ್ರೆ ಕಹಿ ಇತ್ತು. ಇತ್ತು ಅತ್ತೆ. ನನ್ನ ನಾಲಿಗೆ ಸರಿಯಿತ್ತು. ಸರಿಯಿತ್ತು. ಮಗನ ಮುಂದೆ ನನಗೆ ಅರುಳುಮರುಳು ಅಂದ್ಯಲ್ಲೇ ಹುಡುಗಿ, ಅವನೂ ತಲೆ ಆಡಿಸಿದ, ನಾನೂ ನಂಬಿದೆ, ನನಗೇ ಏನೋ ಆಗಿದೆ ಅಂತ ಸಕ್ಕರೇನೂ ಚಪ್ಪರಿಸಿ ನೋಡಿದೆ, ಅದು ಸರಿ ಇತ್ತು, ಉಪ್ಪೊಂದೇ ಯಾಕೆ ಅಂತ — ಅತ್ತೆ, ಕಾಲು ಹೇಗಿದೆ. ಕಾಲಾ, ಬೆಳಿಗ್ಗೆಯಿಂದ ಗೋಡೆ ಹಿಡ್ಕೊಂಡೇ ಓಡಾಟ, ಎದೇಲಿ ಬೇರೆ ಆಗಾಗ ಮೀನು ಮಗುಚಿದ ಹಾಗಾಗ್ತದೆ, ಹೇಳಿದ್ರೆ ಇನ್ನೆರಡು ಬಾಳೆಹಣ್ಣು ತಿನ್ನಿಸ್ತೀಯ ಅಂತ ಹೇಳಲಿಲ್ಲ. ಕೂತ್ಕೊಳ್ಳಿ ಅತ್ತೆ, ಎಲ್ಲಿದ್ದೀರೋ ಅಲ್ಲೇ ಕೂತ್ಕೊಳ್ಳಿ, ಮೇಲಿನ ಮನೆ ದರ್ಜಿ ಅಕ್ಕನ್ನ ಕಳಿಸ್ತೀನಿ, ಅವರ ಜೊತೆ ಆಸ್ಪತ್ರೆಗೆ ಹೋಗಿ, ನಾನು ಅಲ್ಲಿಗೇ ಬರ್ತೀನಿ, ಜಾಡಿ ತಗೊಂಡು ಬನ್ನಿ. ಉಪ್ಪಿನ ಜಾಡಿ ಯಾಕೆ. ತೋರಿಸಬೇಕು. ಹೌದೇನೇ, ಎಂದರು ಅತ್ತೆ, ಅವತ್ತು ಡಾಕ್ಟ್ರು ಕೇಳಿದ್ರಲ್ಲ, ಬೇರೆ ಏನಾದ್ರೂ ಅಂತ, ಆಗ ಯಾಕೆ ಹೇಳಲಿಲ್ಲ. ನೀವು ಪಕ್ಕದಲ್ಲಿದ್ರಿ ಅತ್ತೆ. ನನಗೆ ಹೆದರಿದ್ಯಾ. ಹೂಂ. ಎಂಥಾ ಹೆದರಿಕೇನೇ ನಿಂದು, ಎಂದು ಅತ್ತೆ ಉಸಿರು ಬಿಟ್ಟರು, ಹೆದರಿ ಹೆದರಿ ನನ್ನ ಎದೆಗೇ ಕೈ ಹಾಕಿದೆಯಲ್ಲ.

ಗಡಿಯಾರ ಮೆಟ್ಟಿಲ ತಲೆಯಲ್ಲಿ ನಿಂತು ಆರು ನಿಮಿಷ ಎಂದಿತು, ಪಟ್ಟಿ ಅಜ್ಜ ಇನ್ನೂ ಲೈನಿನಲ್ಲಿದ್ದಾರೆ, ಬಾಳೆಹಣ್ಣು ಬಾಳೆಹಣ್ಣು ಅಂತಿದ್ದಾರೆ. ಹದಿನೇಳನೇ ಕಾರ್ಡು ಯಾರೂ ಓದಬೇಡಿ ಮೇಡಂ, ಡಾಕ್ಟರು ಬರೆದ ಹಳೇದನ್ನ ಹುಡುಕಿಸಿ, ಹೆಸರು ಪೂರ್ತಿ ಓದಬೇಕು, ನಲವತ್ತು ಸೆಕೆಂಡಾದ್ರೆ ಆಗಲಿ, ಎಂದು ಇಳಿಯುತ್ತಾ ಕೂಗಿದಳು, ಅಷ್ಟು ಜೋರಾಗಿ ಆ ಕಟ್ಟಡದಲ್ಲಿ ಅವಳು ಎಂದೂ ಮಾತಾಡಿರಲಿಲ್ಲ, ದಿನಕ್ಕೆ ಹತ್ತು ಸಲ, ಎಂಟು ಕುರ್ಚಿ, ಎಂಟು ವಾರ, ಎಷ್ಟು ಮನೆಗಳ ಕಿವಿಗೆ ಆ ಕೆಲವು ಎಂಬ ಮಾತು ಹೋಗಿ ಬಿದ್ದಿದೆಯೋ, ಯೋಚಿಸಬೇಡ, ಈಗ ಬೇಡ, ಒಂದು ಜಾಡಿ ಸಾಕು. ಆಟೋ ಸಿಗ್ನಲ್ಲಿನಲ್ಲಿ ನಿಂತಿತು, ಪಕ್ಕದ ಗೋಡೆಯ ಮೇಲೆ ಶಕ್ತಿಪುಡಿಯ ಜಾಹೀರಾತು, ಹಲ್ಲು ಬಿಟ್ಟ ಇಡೀ ಕುಟುಂಬ, ಅಜ್ಜಿ ಸಮೇತ, ಏನು ನಗ್ತೀರಿ, ಲೇಬಲ್ ಓದಿದ್ದೀರಾ ಎಂದು ಕೇಳಬೇಕೆನ್ನಿಸಿತು, ಓದಿದರೆ ತಾನೇ ಏನು, ಅವಳು ಎರಡು ಸಲ ಓದಿರಲಿಲ್ಲವೇ, ಓದಿದ್ದೇ ಧೈರ್ಯ ಕೊಟ್ಟಿತು, ಓದದ ಅತ್ತೆಯ ನಾಲಿಗೆ ಮೊದಲ ದಿನವೇ ಹೇಳಿತು. ಉಪ್ಪಿಗಿಂತ ರುಚಿಯಿಲ್ಲ ಎಂದು ಅತ್ತೆ ದಿನಕ್ಕೊಮ್ಮೆಯಾದರೂ ಹೇಳುತ್ತಾರೆ, ಉಳಿದರ್ಧ ಹೇಳುವುದಿಲ್ಲ, ತಾಯಿಗಿಂತ ದೇವರಿಲ್ಲ ಎನ್ನುವುದನ್ನು ಬಾಯಿಬಿಟ್ಟು ಹೇಳುವ ಪೈಕಿಯಲ್ಲ ಅವರು, ಮದುವೆಯಾದ ಹೊಸತರಲ್ಲಿ ಸಂಜೆ ಶಾಲೆಗೆ ಹೋಗಲಾ ಎಂದು ಹೆದರುತ್ತಾ ಕೇಳಿದಾಗ, ಹೋಗು, ಆದ್ರೆ ಬಂದು ನನಗೆ ಪಾಠ ಮಾಡಬೇಡ ಎಂದಿದ್ದರು, ಅಷ್ಟೇ ಷರತ್ತು, ಒಂದೂವರೆ ವರ್ಷ ರಾತ್ರಿಯ ಊಟ ಮುಚ್ಚಿಟ್ಟವರು ಅವರೇ, ತಟ್ಟೆಯ ಅಂಚಿನಲ್ಲಿ ಮೂರು ಬೆರಳಿನ ಉಪ್ಪು. ಆಸ್ಪತ್ರೆಯ ಬಾಗಿಲಲ್ಲಿ ದರ್ಜಿ ಅಕ್ಕ ಕುತ್ತಿಗೆಯ ಅಳತೆ ಟೇಪು ತೆಗೆಯಲೂ ಮರೆತು ನಿಂತಿದ್ದಳು, ಗಾಲಿಕುರ್ಚಿಯಲ್ಲಿ ಅತ್ತೆ, ತೊಡೆಯ ಮೇಲೆ ಕೈಚೀಲ ಇರುವ ಜಾಗದಲ್ಲಿ ಟವೆಲು ಸುತ್ತಿದ ಜಾಡಿ, ತುಟಿ ಬಿಳಿಚಿತ್ತು, ಬಾಯಿ ಮಾತ್ರ ಬಿಳಿಚಿರಲಿಲ್ಲ, ತಗೋ ನಿನ್ನ ಮದ್ದು, ಎಂದು ಕೊಟ್ಟರು, ಈಗಲಾದ್ರೂ ಪೂರ್ತಿ ಹೇಳು, ನಾನು ಒಳಗಿರ್ತೀನಿ, ನನ್ನ ಮುಖ ನೋಡೋ ತಾಪತ್ರಯ ಇಲ್ಲ.

ಪೂರ್ತಿ ಹೇಳಿದಳು. ಅದೇ ಡಾಕ್ಟರು, ಕತ್ತೆತ್ತಿ ಒಮ್ಮೆ ನೋಡಿದರು ಅಷ್ಟೇ, ಎದೆಯ ತಂತಿಗಳು ಗೆರೆ ಎಳೆದ ಉದ್ದ ಇಸಿಜಿ ಕಾಗದದ ಮೇಲೆ ಬೆರಳಿಟ್ಟು, ಈ ಅಲೆಗಳು ನೋಡಿ, ದುಂಡಗಿರಬೇಕು, ಚೂಪಾಗಿವೆ, ರಕ್ತದ ವರದಿಗೆ ಕಾಯೋದಿಲ್ಲ, ಔಷಧಿ ಶುರು ಮಾಡಿದ್ದೀವಿ, ಎಂದರು. ಗುಣ ಆಗ್ತಾರಾ. ಮುಕ್ಕಾಲು ಗಂಟೆ ಬಿಡಿ, ಆಮೇಲೆ ಮಾತಾಡೋಣ, ಬಂದಿದ್ದು ಒಳ್ಳೇದಾಯ್ತು, ಇನ್ನೂ ಮುಂಚೆ ಹೇಳಿದ್ರೆ — ಎಂದು ನಿಲ್ಲಿಸಿದರು, ಆ ಉಳಿದ ಮಾತನ್ನು ಅವರೂ ನುಂಗಿದರು. ಬಾಗಿಲವರೆಗೆ ಹೋದವರು ತಿರುಗಿ ಕೇಳಿದರು, ದಿನಕ್ಕೆ ಎಷ್ಟು ಹೋಗಿರಬಹುದು, ಅಂದಾಜು, ಆ ಉಪ್ಪು. ಒಂದು ಚಮಚ ಎನ್ನಲು ಬಾಯಿ ತೆರೆದಳು, ಕಾರ್ಡಿನಲ್ಲಿರುವುದು ಅದೇ, ಐದನೇ ಕಾರ್ಡು, ವಯಸ್ಕರಿಗೆ ದಿನಕ್ಕೆ ಒಂದು ಸಣ್ಣ ಚಮಚಕ್ಕಿಂತ ಹೆಚ್ಚು ಬೇಡ, ಆದರೆ ಚಮಚ ಅತ್ತೆ ಮುಟ್ಟಲೇ ಇಲ್ಲವಲ್ಲ, ಗೊತ್ತಿಲ್ಲ ಡಾಕ್ಟ್ರೇ, ನೋಡಿ ಹೇಳ್ತೀನಿ ಎಂದಳು, ಬಾಗಿಲು ಮುಚ್ಚಿತು, ಬಿಳಿ ಬಾಗಿಲು, ನಡುವೆ ಅಂಗೈಯಗಲದ ಗಾಜು, ಗಾಜಿನಾಚೆ ಹಸಿರು ಪರದೆಯ ಅಂಚು, ಅದರ ಕೆಳಗೆ ಅತ್ತೆಯ ಎರಡು ಪಾದ, ಅಲ್ಲಾಡುತ್ತಿಲ್ಲ, ಅಲ್ಲಾಡಿದವು, ಇಲ್ಲ ಅದು ದಾದಿ ಹೊದಿಕೆ ಸರಿಮಾಡಿದ್ದು. ಬೆಂಚಿನ ಮೇಲೆ ಕೂತಳು. ಟವೆಲು ಬಿಚ್ಚಿದಳು. ಜಾಡಿಯ ಮೂರನೇ ಒಂದು ಭಾಗ ಖಾಲಿ, ಅದರಲ್ಲಿ ಅವಳ ಪಾಲೆಷ್ಟು, ಗಂಡನ ಪಾಲೆಷ್ಟು, ಬೆಂದ ನೀರಿನ ಜೊತೆ ಚೆಲ್ಲಿದ್ದೆಷ್ಟು, ಎರಡನೇ ಪ್ಯಾಕೆಟ್ಟನ್ನು ಸುರಿದದ್ದು ಯಾವ ವಾರ, ದಿನಾ ಸಂಜೆ ಸಮ ಮಾಡುತ್ತಿದ್ದವಳು ಒಂದು ದಿನವಾದರೂ ಅಳೆದಿದ್ದರೆ, ಸಮ ಮಾಡಿದ್ದೇ ಮಾಡಿದ್ದು, ಅತ್ತೆ ದಿನವೂ ಬೆರಳಲ್ಲಿ ಬರೆದಿಟ್ಟದ್ದನ್ನು ಸಂಜೆ ಸಂಜೆ ಅಳಿಸಿದ್ದಾಳೆ, ಡಾಕ್ಟರಿಗೆ ತೋರಿಸಲು ಉಳಿದಿರುವುದು ಇವತ್ತಿನ ಗುಳಿಯೊಂದೇ. ನೀಲಿ ಮುಚ್ಚಳ ತಿರುಗಿಸಿದಳು, ಮೆಲ್ಲಗೆ. ಆಟೋದಲ್ಲಿ ಕುಲುಕಿದ್ದರೂ ಹಾಗೇ ಇದೆ, ಅತ್ತೆ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡು ಬಂದಿದ್ದಾರೆ, ಒ‌ದ್ದೆ ಕೈಯ ತೇವ ಇನ್ನೂ ಅಂಚಿನಲ್ಲಿ ಮಿನುಗುತ್ತಿದೆ, ಹೆಬ್ಬೆರಳು ಈ ಕಡೆ, ತೋರುಬೆರಳು ಆ ಕಡೆ, ಅದರ ಪಕ್ಕ ನಡುಬೆರಳು. ಯಾರೋ ಪಕ್ಕದಲ್ಲಿ ಬಂದು ಕೂತರು, ಬೆಂಚು ಅಲುಗಿತು, ಅಲುಗಿಸಬೇಡಿ ಎಂದಳು, ಎರಡೂ ಕೈಯಲ್ಲಿ ಜಾಡಿ ಹಿಡಿದು ಉಸಿರು ಬಿಗಿ ಮಾಡಿದಳು, ಒಂದು ಕಣ, ಹೆಬ್ಬೆರಳಿನ ಗುಳಿಯ ಅಂಚಿನಿಂದ ಒಂದೇ ಒಂದು ಕಣ ಒಳಗೆ ಉರುಳಿತು, ನಿಂತಿತು. ಅಲುಗಿಸಬೇಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಇದೆ, ಇನ್ನೂ ಇದೆ. ಹೆಬ್ಬೆರಳು, ತೋರುಬೆರಳು —